ಎಂಟನೆಯ ಮಸೂದ

ಬೂಜೆಮಾನ ಮೂಗಿಗೆ ವಾಸನೆ ತಿಳಿಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಬಿಟ್ಟುಹೋಗುವಾಗ ಅದನ್ನೂ ಎತ್ತಿಕೊಂಡು ಹೋಗಿತ್ತು. ತಾರೂದಾಂತ ಎಂಬ ಕೋಟೆಯೂರಿನ ಪೇಟೆಯಲ್ಲಿ ಗಂಧದ್ರವ್ಯ ಮಾರುವವನಿಗೆ ಇಂಥ ಮೂಗು ಕುರುಡನ ಕೈಗೆ ಕೊಟ್ಟ ದೀಪದ ಹಾಗೆ. ಆದರೆ ಅಂಗಡಿ ಅವನ ಅಪ್ಪನದು, ಅಪ್ಪನ ಅಪ್ಪನದು. ಬಿಡುವ ಮಾತೇ ಇರಲಿಲ್ಲ. ಮಗಳು ಇಜ್ಜಾ ಮಾತು ಕಲಿತದ್ದೇ ತಡ, ಅವಳ ಮೂಗನ್ನೇ ತನ್ನದು ಮಾಡಿಕೊಂಡ.

ಅಂಗೈ ಮೇಲೆ ಚಿಟಿಕೆ ಏನಾದರೂ ಹಾಕಿ ಅವಳ ಮುಖದ ಮುಂದೆ ಹಿಡಿಯುತ್ತಿದ್ದ. "ಹೇಳು."

"ಲೋಬಾನ. ಆದರೆ ಯಾರೋ ಪೈನ್ ಮರದ ಅಂಟು ಬೆರೆಸಿದಾರೆ."

"ಎಷ್ಟು?"

"ಕಾಲು ಭಾಗ."

ಬೂಜೆಮಾ ಮಾರಲು ಬಂದವನ ಕಡೆ ತಿರುಗಿ ಅದೇ ಮಾತನ್ನು ತಾನೇ ಕಂಡುಹಿಡಿದವನಂತೆ ಹೇಳುತ್ತಿದ್ದ. ಇಜ್ಜಾಳಿಗೆ ಇಪ್ಪತ್ತೆರಡು ವರ್ಷವಾದರೂ ಇದೇ ನಡೆದಿತ್ತು. ಈಗ ಅವಳು ಮುದುಕಿ, ಅಗಾದಿರ ಪಟ್ಟಣದ ಮನೆಯೊಂದರ ಮೂರನೇ ಮಹಡಿಯಲ್ಲಿರುತ್ತಾಳೆ. ಮಂಡಿನೋವು ಇದೆ, ಮೂಗೂ ಮೊದಲಿನ ಹಾಗಿಲ್ಲ. ಆದರೂ ಯಾರಾದರೂ ಜೀರಿಗೆ ಡಬ್ಬಿ ತೆರೆದರೆ ಆ ಒರಟು ಅಂಗೈ ಮುಖದ ಮುಂದೆ ಬಂದು ನಿಲ್ಲುತ್ತದೆ. ಅಂಗೈ ನಡುವೆ ಕೇಸರಿಯ ಹಳದಿ ಕಲೆ. ಅದು ತೊಳೆದರೆ ಹೋಗುತ್ತಿರಲಿಲ್ಲ.

ಅಂಗಡಿಯ ಬಾಗಿಲಲ್ಲಿ, ಮನುಷ್ಯನ ಮುಖದ ಎತ್ತರಕ್ಕೆ, ಜೊಂಡಿನ ಕಡ್ಡಿಯ ಒಂದು ಪಂಜರ ತೂಗುತ್ತಿತ್ತು. ಅದರೊಳಗೆ ಒಂದು ಗೋಸುಂಬೆ. ಹೆಸರು ಮಸೂದ. ಸತ್ತರೆ ಇನ್ನೊಂದು ಬರುತ್ತಿತ್ತು, ಅದಕ್ಕೂ ಮಸೂದ ಎಂದೇ ಹೆಸರು. ಮಸೂದ ಅಂದರೆ ಅದೃಷ್ಟವಂತ. ಹೆಸರಿಗೂ ಪ್ರಾಣಿಗೂ ಸಂಬಂಧವಿರಲಿಲ್ಲ. ಏಳು ಮಸೂದರು ಆಗಿಹೋಗಿದ್ದರು, ಒಬ್ಬನೂ ವಸಂತದ ಕಿತ್ತಳೆ ಹೂ ನೋಡಿರಲಿಲ್ಲ.

ಒಳಗೆ ಬರುವವರ ಕಣ್ಣು ಮೊದಲು ಗೋಸುಂಬೆಯ ಮೇಲೆ ಬೀಳಬೇಕು, ಸಾಮಾನಿನ ಮೇಲಲ್ಲ. ಇದು ಆ ಬೀದಿಯ ಎಲ್ಲ ಅಂಗಡಿಗಳ ಪದ್ಧತಿ. ಬೂಜೆಮಾನದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಕಣ್ಣುಬಿದ್ದಿದೆ ಎಂದು ಹೆದರಿ ಬಂದ ಹೆಂಗಸರನ್ನು ಪಂಜರದ ಮುಂದೆ ನಿಲ್ಲಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಗೋಸುಂಬೆ ಕಪ್ಪಾಗುತ್ತಿತ್ತು. ಕಪ್ಪಾಯಿತೆಂದರೆ ಕೆಟ್ಟ ಕಣ್ಣನ್ನು ಅದು ಹೀರಿಕೊಂಡಿತು ಎಂದು ಲೆಕ್ಕ. ಹೆಂಗಸರು ಉಸಿರುಬಿಟ್ಟು, ಉಳಿದ ಚೂರುಪಾರು ದೋಷಕ್ಕೆಂದು ಪಟಿಕ, ಲೋಬಾನ ಕಟ್ಟಿಸಿಕೊಂಡು ಹೋಗುತ್ತಿದ್ದರು. ಹೀರಿದ ಕಣ್ಣು ಹಿಂದಿನಿಂದ ತಪ್ಪಿಸಿಕೊಳ್ಳಬಾರದೆಂದು ಪಂಜರದ ಬೆನ್ನಿಗೆ ಒಂದು ಕನ್ನಡಿ. ಕೆಳಗೆ ಸದಾ ಹೊಗೆಯಾಡುವ ಕೆಂಡದ ಬಟ್ಟಲು. ತನಗೆ ವಾಸನೆ ತಿಳಿಯದ್ದರಿಂದ ಹೊಗೆ ಎಷ್ಟು ಸಾಕು ಎನ್ನುವುದು ಬೂಜೆಮಾನಿಗೆ ಗೊತ್ತಾಗುತ್ತಿರಲಿಲ್ಲ. ಗಿರಾಕಿ ಕೆಮ್ಮಿದರೆ ಸಾಕಾಯಿತು ಎಂದುಕೊಳ್ಳುತ್ತಿದ್ದ.

ಮಸೂದ ಸತ್ತಾಗ, "ತುಂಬಿಹೋಯ್ತು," ಅನ್ನುತ್ತಿದ್ದ. ಬಾವಿಯಿಂದ ತಂದ ಕೊಡದ ವಿಷಯ ಹೇಳುವಂತೆ.

ಎಂಟನೆಯ ಮಸೂದನನ್ನು ಆಗಸ್ಟಿನ ಕೊನೆಗೆ ಫದ್ಮಾ ತಂದಳು. ಫದ್ಮಾ ಬೆಟ್ಟದ ಕಡೆಯ ಮುದುಕಿ. ಭಾನುವಾರದ ಸಂತೆಗೆ ಕತ್ತೆಯ ಮೇಲೆ ಕಾಡುಪುದೀನ, ಬೇರು, ಒಣಹೂ ಹೇರಿಕೊಂಡು ಬರುತ್ತಿದ್ದಳು. ದಾರಿಯಲ್ಲಿ ಗೋಸುಂಬೆ ಸಿಕ್ಕರೆ ತಲೆಗೆ ಸುತ್ತಿದ ಬಟ್ಟೆಯ ಮೇಲೇ ಕೂರಿಸಿಕೊಂಡು ಬಿಡುತ್ತಿದ್ದಳು.

"ತಗೋ ಬೂಜೆಮಾ, ಇದು ಕತ್ತೆಗಿಂತ ಒಳ್ಳೆ ಸವಾರಿ ಮಾಡ್ತು," ಎಂದು ತಲೆ ಬಗ್ಗಿಸಿದಳು.

ಇಜ್ಜಾ ಅದರ ಹಿಡಿತ ಬಿಡಿಸಿ ಪಂಜರಕ್ಕೆ ಹಾಕಿದಳು. ಹಿಂದಿನ ಏಳನ್ನೂ ಅವಳೇ ಹಾಕಿದ್ದಳು. ಆ ಏಳರ ಬಗ್ಗೆ ಅವಳಿಗೆ ವಿಶೇಷ ಪ್ರೀತಿಯೇನೂ ಇರಲಿಲ್ಲ.

ಒಂದು ಶುಕ್ರವಾರ ಅಂಗಡಿ ಮುಚ್ಚಿತ್ತು. ಇಜ್ಜಾ ಧೂಳು ಹೊಡೆಯಲು ಹೋದಳು. ಕನ್ನಡಿ ಬಿಚ್ಚಿ ಒರೆಸಲು ಹೊರಗಿಟ್ಟಳು, ಕೆಂಡ ಇರಲಿಲ್ಲ, ಜನರಿರಲಿಲ್ಲ. ಮಧ್ಯಾಹ್ನ ತಲೆಯೆತ್ತಿ ನೋಡಿದರೆ ಪಂಜರದಲ್ಲಿ ಬೇರೆ ಪ್ರಾಣಿಯೇ ಇತ್ತು. ಎಳೆ ಅವರೆಕಾಯಿಯ ಸಿಪ್ಪೆಯಂಥ ಹಸಿರು. ಮೈ ತುಂಬಿಕೊಂಡು, ಬಾಲ ಸುರುಳಿ ಸುತ್ತಿಕೊಂಡು, ಒಂದು ಕಣ್ಣು ನೊಣದ ಮೇಲೆ, ಇನ್ನೊಂದು ಅವಳ ಮೇಲೆ. ಈ ಅಂಗಡಿಯಲ್ಲಿ ಆ ಬಣ್ಣವನ್ನು ಅವಳು ಎಂದೂ ಕಂಡಿರಲಿಲ್ಲ.

ಒರೆಸಿದ ಕನ್ನಡಿಯನ್ನು ಮತ್ತೆ ಕಟ್ಟಿದಳು. ಗೋಸುಂಬೆ ಅತ್ತ ತಿರುಗಿದ್ದೇ ಎಲೆಯಂತೆ ಚಪ್ಪಟೆಯಾಯಿತು, ಬಾಯಿ ತೆರೆದು ಬುಸ್ ಅಂದಿತು. ಪಕ್ಕೆಯಿಂದ ಕಪ್ಪು ಹರಡಿ ತಲೆಯವರೆಗೆ ಏರಿತು. ಕನ್ನಡಿಯಲ್ಲಿದ್ದದ್ದೂ ಬಾಯಿ ತೆರೆದಿತ್ತು. ಇಜ್ಜಾ ಕನ್ನಡಿ ತೆಗೆದಳು, ಕಾದಳು, ಮತ್ತೆ ಇಟ್ಟಳು. ಮೂರು ಸಲವೂ ಅದೇ ಆಯಿತು. ಮೂರನೇ ಸಲ ಅವಳಿಗೇ ನಾಚಿಕೆಯಾಯಿತು.

"ಬಾಬಾ, ಅದು ಕಣ್ಣು ಹೀರ್ತಿಲ್ಲ. ಹೆದರ್ತಿದೆ. ಕನ್ನಡಿಯಲ್ಲಿ ಇನ್ನೊಂದು ಗೋಸುಂಬೆ ಕಾಣುತ್ತೆ ಅದಕ್ಕೆ."

"ಹೆದರದೆ ಇನ್ನೇನು? ಆ ದಲ್ಲಾಳಿ ಹೆಂಡತಿ ಲಲ್ಲಾ ತಾಹ್ರಾ ಕಣ್ಣು ನೋಡಿದ್ರೆ ನನಗೇ ಹೆದರಿಕೆ."

"ನಗಬೇಡ. ಏಳನ್ನೂ ನಾವೇ ಕೊಂದಿದೀವಿ."

ಬೂಜೆಮಾ ಚಹಾದ ಲೋಟ ಕೆಳಗಿಟ್ಟ. "ನಿನ್ನ ವಯಸ್ಸಿನವರಿಗೆಲ್ಲ ಮದುವೆಯಾಗಿ ಮಕ್ಕಳಾಗಿವೆ. ನೀನು ಹಲ್ಲಿಜಾತಿಗೆ ವಕೀಲಿ ಮಾಡ್ತಿದೀಯ."

"ಕಿತ್ತಳೆ ಹೂ ಬಿಡೋವರೆಗೆ ಇದನ್ನ ನನ್ನ ಕೈಗೆ ಕೊಡು. ನಾನು ಹೇಳಿದ ಹಾಗೆ ಇರಲಿ. ಬದುಕಿತು ಅಂದ್ರೆ ಕನ್ನಡಿ ಮತ್ತೆ ಏರಬಾರದು, ಯಾವತ್ತೂ. ಸತ್ತರೆ ನಾನು ತುಟಿ ಬಿಚ್ಚಲ್ಲ. ಒಂಬತ್ತನೆಯದನ್ನ ಹೊಗೆಯಲ್ಲೇ ಬೇಯಿಸ್ಕೋ."

"ಒಪ್ಪದಿದ್ರೆ?"

"ನಾಳೆ ಕೇಸರಿ ಮಾರೋನು ಬರ್ತಾನೆ. ನಿನ್ನ ಮೂಗಲ್ಲೇ ನೋಡಿ ತಗೋ."

ಬೂಜೆಮಾ ಒಪ್ಪಿದ.

ಇಜ್ಜಾ ಐದನೇ ತರಗತಿಯವರೆಗೆ ಓದಿದವಳು. ಹಳೆಯ ಶಾಲೆಯ ಪುಸ್ತಕವೊಂದರಲ್ಲಿ ಖಾಲಿ ಹಾಳೆಗಳಿದ್ದವು. ಗೋಸುಂಬೆ ಯಾವಾಗ ಕಪ್ಪಾಯಿತು, ಆಗ ಎದುರಿಗೆ ಏನಿತ್ತು ಎಂದು ಬರೆಯತೊಡಗಿದಳು. ಕೆಂಡದ ಹೊಗೆ ಮುಖಕ್ಕೆ ಬಂದರೆ ಕಪ್ಪು, ಕಣ್ಣೂ ಮುಚ್ಚುತ್ತದೆ. ಯಾರಾದರೂ ಬೆರಳಿಂದ ತಿವಿದರೆ ಕಪ್ಪು. ಬೆಕ್ಕು ಕಂಡರೆ ಕಡ್ಡಿಯ ಆಚೆ ಬದಿಗೆ ಜಾರಿ ಅಡಗಿಕೊಳ್ಳುತ್ತದೆ. ಬಟ್ಟಲಲ್ಲಿ ಇಟ್ಟ ನೀರನ್ನು ನೋಡುವುದೇ ಇಲ್ಲ, ಕಣ್ಣು ಗುಳಿ ಬೀಳುತ್ತದೆ. ಎಲೆಯ ಮೇಲೆ ನೀರು ಚಿಮುಕಿಸಿದರೆ ಹನಿಯನ್ನು ನೆಕ್ಕುತ್ತದೆ. ಮುಖದ ಮಟ್ಟಕ್ಕಿದ್ದರೆ ತೂಗಾಡುತ್ತ ನಿಲ್ಲುತ್ತದೆ, ತಲೆಯ ಮೇಲಿದ್ದರೆ ಸುಮ್ಮನಿರುತ್ತದೆ.

ಒಂದೊಂದನ್ನೇ ಸರಿಮಾಡಿದಳು. ಕನ್ನಡಿ ಗೋಡೆಗೆ ಮುಖಮಾಡಿ ಕೂತಿತು. ಕೆಂಡದ ಬಟ್ಟಲು ಅಂಗಡಿಯ ಆಚೆ ತುದಿಗೆ ಹೋಯಿತು. ಪಂಜರದಲ್ಲಿ ದಿನಾ ಹೊಸ ಕಿತ್ತಳೆ ಕೊಂಬೆ. ಮೇಲೆ ತೂತು ಮಾಡಿದ ಟೊಮೆಟೊ ಡಬ್ಬಿ, ಅದರಿಂದ ನಿಮಿಷಕ್ಕೊಂದು ಹನಿ ಎಲೆಯ ಮೇಲೆ. ಏಣಿ ತರಿಸಿ ಮೊಳೆಯನ್ನು ತೊಲೆಯ ಹತ್ತಿರಕ್ಕೆ ಏರಿಸಿದಳು. ಅಲ್ಲಿ ಬೆಳಗಿನ ಬಿಸಿಲು ಒಂದು ಗಂಟೆ ಬೀಳುತ್ತಿತ್ತು. ಮಿಡತೆಯನ್ನು ತಾನೇ ಹಿಡಿದು ತರುತ್ತಿದ್ದಳು, ಹಾಕಿ ದೂರ ಹೋಗಿ ನಿಲ್ಲುತ್ತಿದ್ದಳು.

ಮಸೂದ ಹಸಿರಾಯಿತು. ಹಸಿರಾಗಿಯೇ ಉಳಿಯಿತು.

ಅದು ಹಸಿರಾಗಿದ್ದ ಆ ಮೂರು ವಾರ ಇಜ್ಜಾಳಿಗೆ ಇವತ್ತಿಗೂ ಬಿಡಿಬಿಡಿಯಾಗಿ ನೆನಪಿದೆ. ಬೆಳಿಗ್ಗೆ ಬಾಗಿಲ ಹಲಗೆ ತೆಗೆದಾಗ ರಾತ್ರಿಯಿಡೀ ಮುಚ್ಚಿಟ್ಟ ಗುಲಾಬಿಮೊಗ್ಗು, ಲವಂಗ, ಒದ್ದೆ ಗೋಡೆಯ ಕೆಮ್ಮಣ್ಣು ಒಟ್ಟಿಗೇ ಮುಖಕ್ಕೆ ನುಗ್ಗುತ್ತಿದ್ದವು. ಅಪ್ಪ ಬಾರ್ಲಿ ರೊಟ್ಟಿಯನ್ನು ಅರ್ಗಾನ್ ಎಣ್ಣೆಗೆ ಅದ್ದಿ, ಮೇಲೆ ನೋಡಿ, "ಏನಪ್ಪಾ ಮಸೂದ, ನಿನ್ನ ಕೆಲಸ ಬಿಟ್ಟು ಆರಾಮಾಗಿದೀಯ," ಅನ್ನುತ್ತಿದ್ದ. ಪಂಜರದಿಂದ ಟಪ್ ಎಂದು ಒಂದು ಹನಿ ಅವನ ಬೋಳುತಲೆಯ ಮೇಲೆ ಬೀಳುತ್ತಿತ್ತು. ಅವನು ಸರಿದು ಕೂರುತ್ತಿರಲಿಲ್ಲ. ಅದೇ ಜಾಗದಲ್ಲೇ ಕೂತು ದಿನಾ ಬೈಯುತ್ತಿದ್ದ.

ಗಿರಾಕಿಗಳಿಗೆ ಮಾತ್ರ ಸಮಾಧಾನವಿರಲಿಲ್ಲ. ದಲ್ಲಾಳಿಯ ಹೆಂಡತಿ ತಾಹ್ರಾ, ಎಲ್ಲರ ಬಾಯಲ್ಲೂ ಲಲ್ಲಾ, ಅಂದರೆ ಅಮ್ಮಾವರು, ಗುರುವಾರ ತಪ್ಪದೆ ಬರುತ್ತಿದ್ದಳು. ಅವಳ ನಾದಿನಿಯ ಕಣ್ಣು ವಾರಕ್ಕೊಂದು ಸಲ ಅವಳ ಮೇಲೆ ಬೀಳುತ್ತಿತ್ತು. ಒಂದು ಗುರುವಾರ ಪಂಜರದ ಕೆಳಗೆ ಕತ್ತು ನೋಯುವವರೆಗೆ ನಿಂತಳು.

"ಬೂಜೆಮಾ ಸಾಹೇಬ್ರೇ, ಇದು ಹಸಿರಾಗೇ ಇದೆಯಲ್ಲ!"

"ಅಂದ್ರೆ ನಿಮ್ಮ ಮೇಲೆ ಕಣ್ಣಿಲ್ಲ ಲಲ್ಲಾ. ಸಂತೋಷಪಡಿ."

"ಕಣ್ಣಿಲ್ವಾ? ನಿನ್ನೆ ನನ್ನ ಹೊಸ ಟೀಪಾಟು ಒಡೀತು! ಇದಕ್ಕೆ ಶಕ್ತಿ ಇಲ್ಲ ಅನ್ನಿ. ತಿಂದು ತಿಂದು ಸೊಕ್ಕಿದೆ." ಇಜ್ಜಾಳ ಕಡೆ ನೋಡಿದಳು. "ನೀನೇ ತಾನೆ ಇದನ್ನ ಹಾಳು ಮಾಡಿದ್ದು? ಗಂಡನ್ನ ಹೀಗೆ ನೋಡ್ಕೊಂಡಿದ್ರೆ ಪುಣ್ಯ ಬರ್ತಿತ್ತು."

"ಗಂಡ ಇದ್ದಿದ್ರೆ ಅವನನ್ನೂ ಎತ್ತರದಲ್ಲೇ ನೇತುಹಾಕ್ತಿದ್ದೆ ಲಲ್ಲಾ."

ತಾಹ್ರಾ ಎದುರಿನ ಅಂಗಡಿಗೆ ಹೋದಳು. ಅಲ್ಲಿನ ಗೋಸುಂಬೆ ಅಂಗಾರದಂತೆ ಕಪ್ಪಗಿತ್ತು. ಅವಳ ಹಿಂದೆ ಇನ್ನೂ ನಾಲ್ಕಾರು ಮಂದಿ ಹೋದರು. ಬೂಜೆಮಾ ಗೊಣಗಿದ. ಆದರೆ ಮಾತು ಮುರಿಯಲಿಲ್ಲ. ಅಷ್ಟು ಮಾತ್ರ ಅವನಲ್ಲಿತ್ತು.

ಅಕ್ಟೋಬರಿನ ಎರಡನೇ ವಾರ ಮಸೂದ ಮತ್ತೆ ಕಪ್ಪಾಯಿತು. ಈ ಸಲದ ಕಪ್ಪು ಬೇರೆ. ಕಪ್ಪಿನ ಮೇಲೆ ಸಾಸಿವೆ ಹೂವಿನಂಥ ಹಳದಿ ಚುಕ್ಕಿಗಳು. ಮಿಡತೆ ಹಾಕಿದರೆ ಮುಖ ತಿರುಗಿಸಿತು. ಕೊಂಬೆಯ ಮೇಲೆ ನಿಲ್ಲದೆ ಕೆಳಗಿಳಿದು, ಪಂಜರದ ಮರದ ತಳವನ್ನು ಮುಂಗಾಲಿಂದ ಪರಚತೊಡಗಿತು.

ಇಜ್ಜಾ ಪುಸ್ತಕ ತೆಗೆದಳು. ಕನ್ನಡಿ ಇಲ್ಲ. ಹೊಗೆ ಇಲ್ಲ. ಬೆಕ್ಕು ಇಲ್ಲ. ನೀರು ಇದೆ. ಹಾಗಾದರೆ ಎತ್ತರ. ಕೆಳಗಿದ್ದರೆ ಅದಕ್ಕೆ ಹೆದರಿಕೆ ಎಂದು ಅವಳೇ ಬರೆದುಕೊಂಡಿದ್ದಳು. ಏಣಿ ಹತ್ತಿ, ಮೆತ್ತಗೆ ಎತ್ತಿ, ಮೇಲಿನ ಕೊಂಬೆಗೆ ಇಟ್ಟಳು. ಅರ್ಧ ಗಂಟೆಯಲ್ಲಿ ಮತ್ತೆ ತಳದಲ್ಲಿತ್ತು. ಮತ್ತೆ ಮೇಲಿಟ್ಟಳು. ಪ್ರತಿ ಸಲವೂ ಪುಸ್ತಕದಲ್ಲಿ ಬರೆದಳು: ಮೇಲಿಟ್ಟೆ. ಜನರ ಕಾಟವಿರಬಹುದೆಂದು ಪಂಜರಕ್ಕೆ ತೆಳು ಬಟ್ಟೆ ಕಟ್ಟಿದಳು. ಕೊಂಬೆಗಳನ್ನು ಇನ್ನೂ ದಟ್ಟ ಮಾಡಿದಳು. ತಳದಲ್ಲಿ ಕಾಲು ಸಿಕ್ಕಿ ಉಗುರು ಮುರಿದೀತೆಂದು ಮೇಲೆ ನುಣುಪಾದ ಒಂದು ತಗಡು ಹಾಸಿದಳು. ಅದು ತಗಡನ್ನೂ ಪರಚಿತು. ಆ ಶಬ್ದ ಅಂಗಡಿಯ ತುಂಬ ಕೇಳುತ್ತಿತ್ತು, ಕರ್ ಕರ್ ಎಂದು, ಬೆಳಗಿನಿಂದ ಸಂಜೆಯವರೆಗೆ.

ಹೊಟ್ಟೆ ದಪ್ಪವಾಗಿತ್ತು. ತಿನ್ನದೆ ಹೇಗೆ ದಪ್ಪವಾಯಿತು ಎಂದು ಇಜ್ಜಾ ಯೋಚಿಸಲಿಲ್ಲ. ಮೊದಲು ಚೆನ್ನಾಗಿ ತಿಂದದ್ದು ಎಂದುಕೊಂಡಳು.

ತಾಹ್ರಾ ವಾಪಸ್ ಬಂದಳು, ಇನ್ನಿಬ್ಬರನ್ನು ಕರೆದುಕೊಂಡು. ಬಟ್ಟೆ ಸರಿಸಿ ನೋಡಿ ಎದೆ ಮುಟ್ಟಿಕೊಂಡಳು. "ನೋಡ್ರೇ, ನೋಡ್ರೇ! ಕಪ್ಪಿಗೆ ಹಳದಿ! ನನ್ನ ನಾದಿನಿಯದು ಎರಡು ಕಣ್ಣೂ ಬಿದ್ದಿದೆ!"

ಬೂಜೆಮಾ ಪಟಿಕ ಕಟ್ಟಿಕೊಟ್ಟ. ಅವರು ಹೋದ ಮೇಲೆ ಮಗಳಿಗೆ ಹೇಳಿದ, "ನಾನೇನೂ ಮಾಡಲಿಲ್ಲ. ಕನ್ನಡಿ ಮುಟ್ಟಿಲ್ಲ, ಕೆಂಡ ಮುಟ್ಟಿಲ್ಲ. ಅದರ ಗುಣವೇ ಅದು ಇಜ್ಜಾ. ತುಂಬ್ತಿದೆ."

ಇಜ್ಜಾ ಬರೆದದ್ದರಲ್ಲಿ ಎಲ್ಲವೂ ಸರಿಯಿತ್ತು, ಪಂಜರದಲ್ಲಿ ಏನೂ ಸರಿಯಿರಲಿಲ್ಲ. ಏಣಿ ಹತ್ತಿ ಮತ್ತೆ ಮೇಲಿಟ್ಟಳು.

ಆ ಎರಡು ಭಾನುವಾರ ಫದ್ಮಾ ಸಂತೆಗೆ ಬಂದಿರಲಿಲ್ಲ. ಮೊಮ್ಮಗಳ ಮದುವೆ. ಮೂರನೇ ಭಾನುವಾರ ಕೈಗೆಲ್ಲ ಮದರಂಗಿ ಹಚ್ಚಿಕೊಂಡು, ಕುಣಿದು ಸೊಂಟ ಹಿಡಿದುಕೊಂಡು ಬಂದಳು. ಹೊರೆ ಇಳಿಸುವ ಮೊದಲೇ ಕಿವಿ ನಿಮಿರಿಸಿದಳು.

"ಇದೇನು ಪರಚೋ ಸದ್ದು? ಇಲಿ ಸಾಕಿದೀರಾ?"

"ಮಸೂದ, ಖಾಲ್ತಿ," ಅಂದಳು ಇಜ್ಜಾ. ಹಿರಿಯ ಹೆಂಗಸನ್ನು ಚಿಕ್ಕಮ್ಮ ಎಂದು ಕರೆಯುವ ರೂಢಿ. "ಏನೂ ತಿನ್ನಲ್ಲ. ಎಷ್ಟು ಸಲ ಮೇಲಿಟ್ಟರೂ ಇಳೀತಾನೆ."

ಫದ್ಮಾ ಪಂಜರ ಇಳಿಸಲು ಹೇಳಿದಳು. ಗೋಸುಂಬೆಯನ್ನು ಅಂಗೈಗೆ ತೆಗೆದುಕೊಂಡು, ಹೆಬ್ಬೆರಳಿಂದ ಹೊಟ್ಟೆಯ ಪಕ್ಕ ಮೆಲ್ಲಗೆ ಸವರಿದಳು. ಚರ್ಮದ ಕೆಳಗೆ ಬಟಾಣಿಯಂಥ ಉಬ್ಬುಗಳು ಒಂದರ ಪಕ್ಕ ಒಂದು ಸರಿದವು.

"ಮಸೂದ ಅಂತೆ. ಇಳೀತಾನೆ ಅಂತೆ. ಇದು ಬಸುರಿ ಕಣೇ."

ಇಜ್ಜಾ ಪಂಜರದ ತಳಕ್ಕೆ ತಾನು ಹಾಸಿದ್ದ ತಗಡನ್ನು ನೋಡಿದಳು.

"ದಿನ ತುಂಬಿದ ಮೇಲೆ ಇದು ಮರ ಬಿಟ್ಟು ನೆಲಕ್ಕೆ ಬರುತ್ತೆ. ಮೊಳದಷ್ಟು ಗುಂಡಿ ತೋಡಿ ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತೆ. ಆಡು ಮೇಯಿಸೋ ಮಕ್ಕಳಿಗೂ ಗೊತ್ತು. ಮಣ್ಣು ಸಿಗದಿದ್ರೆ ಹಿಡ್ಕೊಂಡಿರುತ್ತೆ. ಎಷ್ಟು ದಿನ ಆಯ್ತು ಪರಚೋಕೆ ಶುರುಮಾಡಿ?"

"ಹದಿನೇಳು."

ಫದ್ಮಾ ಬೈಯಲಿಲ್ಲ. "ಬೋಗುಣಿ ತಾ. ದೊಡ್ಡದು. ಒದ್ದೆ ಮಣ್ಣು ತುಂಬು," ಅಂದಳು.

ಇಜ್ಜಾ ಬಟ್ಟೆ ಒಗೆಯುವ ಬೋಗುಣಿ ಹಿಡಿದು ಹಿಂದಿನ ಛತ್ರದ ಅಂಗಳಕ್ಕೆ ಓಡಿದಳು. ಕಿತ್ತಳೆ ಮರದ ಬುಡವನ್ನು ಕೈಯಿಂದಲೇ ಕೆದರಿದಳು. ಉಗುರು ಸೀಳಿತು. ಮಣ್ಣು ತುಂಬಿ, ನೀರು ಚಿಮುಕಿಸಿ, ಒತ್ತಿ ತಂದಿಟ್ಟಳು. ಫದ್ಮಾ ಗೋಸುಂಬೆಯನ್ನು ಮಣ್ಣಿನ ಮೇಲೆ ಬಿಟ್ಟು ಮೇಲೆ ಬುಟ್ಟಿ ಬೋರಲು ಹಾಕಿದಳು. "ಯಾರೂ ನೋಡಬಾರದು. ನೋಡಿದ್ರೆ ಬಿಟ್ಟುಬಿಡುತ್ತೆ."

ಮೂವರೂ ಅಂಗಡಿಯ ಹೊರಗೆ ಕಲ್ಲಿನ ಮೇಲೆ ಕೂತರು. ಬೂಜೆಮಾ ಬಂದ ಗಿರಾಕಿಗಳನ್ನು, "ಇವತ್ತು ಇಲ್ಲ," ಎಂದು ಕಳಿಸಿದ. ತಾಹ್ರಾಳ ಪೈಕಿ ಒಬ್ಬಳು ಗೋಸುಂಬೆಯನ್ನಾದರೂ ನೋಡಿಹೋಗುತ್ತೇನೆ ಎಂದಳು. "ಅದು ಹೆರಿಗೆಗೆ ಕೂತಿದೆ," ಅಂದ. ಆಕೆ ಅಂಗಡಿಯವನಿಗೆ ತಲೆ ಕೆಟ್ಟಿತೆಂದು ಬೇಗಬೇಗ ಹೋದಳು.

ಒಳಗಿಂದ ಕರ್ ಕರ್ ಬದಲು ಮೆತ್ತಗೆ ಮಣ್ಣು ಸರಿಯುವ ಸದ್ದು ಬಂತು. ಸ್ವಲ್ಪ ಹೊತ್ತು. ನಿಂತಿತು. ಮತ್ತೆ ಸ್ವಲ್ಪ ಹೊತ್ತು. ಬೂಜೆಮಾ ಮಗಳ ಕೈಯ ಮಣ್ಣನ್ನು ನೋಡುತ್ತ ಕೇಳಿದ, "ಹೇಳು. ಹೇಗಿದೆ?"

ಅವನು ವಾಸನೆ ಕೇಳುತ್ತಿದ್ದಾನೆಂದು ಇಜ್ಜಾಳಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಮೂಸಿದಳು. "ಒದ್ದೆ. ಬೇರು. ಸ್ವಲ್ಪ ಕೊಳೆತ ಎಲೆ."

"ಅದಕ್ಕೆ ಅದು ಹಿಡಿಸುತ್ತಾ?"

"ಗೊತ್ತಿಲ್ಲ ಬಾಬಾ."

ಬಿಸಿಲು ಕೋಟೆಗೋಡೆಯ ಮೇಲಕ್ಕೆ ಏರಿದಾಗ ಸದ್ದು ನಿಂತೇ ಹೋಯಿತು. ಫದ್ಮಾ ಬುಟ್ಟಿ ಎತ್ತಿದಳು. ಗುಂಡಿ ನಾಲ್ಕು ಬೆರಳಿನಷ್ಟೂ ಆಳವಿರಲಿಲ್ಲ. ಅಷ್ಟಕ್ಕೇ ಅದರ ಶಕ್ತಿ ಮುಗಿದಿತ್ತು. ಗುಂಡಿಯಲ್ಲಿ ಆರು ಬಿಳಿ ಮೊಟ್ಟೆ, ಮೇಲೆ ಗೋಸುಂಬೆ, ಮುಖ ಮಣ್ಣಿಗೆ, ಉಸಿರಿಲ್ಲ. ಬಣ್ಣ ಕಪ್ಪೂ ಅಲ್ಲ, ಹಸಿರೂ ಅಲ್ಲ. ಬೂದಿ.

ಫದ್ಮಾ ಬೇರು ಕತ್ತರಿಸುವ ಚಾಕುವಿನಿಂದ ಹೊಟ್ಟೆ ಸೀಳಿದಳು. ಇಜ್ಜಾ ನೋಡಿದಳು, ಮುಖ ತಿರುಗಿಸಲಿಲ್ಲ. ಒಳಗೇ ಉಳಿದ ಮೊಟ್ಟೆಗಳನ್ನು ಮುದುಕಿ ಒಂದೊಂದಾಗಿ ಹಲಗೆಯ ಮೇಲಿಟ್ಟಳು. ಹದಿನೇಳು.

"ದಿನಕ್ಕೊಂದು," ಅಂದ ಬೂಜೆಮಾ.

ಇಜ್ಜಾ ಪುಸ್ತಕ ತೆರೆದು 'ಮೇಲಿಟ್ಟೆ' ಎಂದು ಬರೆದದ್ದನ್ನು ಬೆರಳಿಟ್ಟು ಎಣಿಸಿದಳು. ಎಪ್ಪತ್ತೊಂದು ಸಲ.

"ನಾನು ಸೋತೆ," ಅಂದಳು. "ಕನ್ನಡಿ ಏರಿಸ್ಕೋ."

ಬೂಜೆಮಾ ಗೋಡೆಗೆ ಮುಖಮಾಡಿದ್ದ ಕನ್ನಡಿ ಎತ್ತಿಕೊಂಡು ಹೋಗಿ ತನ್ನ ಕೂರುವ ಜಾಗದ ಹಿಂದೆ, ಚೀಲಗಳ ಸಂದಿಯಲ್ಲಿ ಇಟ್ಟ. ಮುಂದೆ ಸಾಯುವವರೆಗೂ ಗಡ್ಡ ಕತ್ತರಿಸಿಕೊಳ್ಳಲು ಅದನ್ನೇ ಬಳಸಿದ. ಆಮೇಲೆ ಬಂದು ಖಾಲಿ ಪಂಜರದ ಮುಂದೆ ಕೂತು, ಬೆರಳು ಮಡಿಸುತ್ತ ಯಾರಿಗೂ ಅಲ್ಲದಂತೆ ಹೇಳಿದ:

"ಮೂರನೆಯದೂ ತಳ ಪರಚ್ತಿತ್ತು. ಐದನೆಯದೂ. ಆರನೆಯದು ರಾತ್ರಿ ಪಂಜರದ ಕಡ್ಡಿ ಮುರಿದು ಬಿದ್ದಿತ್ತು, ನೆಲದ ಹೆಂಚಿನ ಮೇಲೆ ಸಿಕ್ಕಿತು. ನಾನು ಅದೂ ತುಂಬಿಹೋಯ್ತು ಅಂದ್ಕೊಂಡೆ."

"ತುಂಬಿದ್ದು ನಿಜವೇ," ಅಂದಳು ಫದ್ಮಾ, ಚಾಕು ಒರೆಸುತ್ತ.

ಆರು ಮೊಟ್ಟೆಗಳನ್ನು ಇಜ್ಜಾ ಕಿತ್ತಳೆ ಮರದ ಬುಡದಲ್ಲಿ ಮೊಳದಾಳಕ್ಕೆ ಹೂತಳು. ಮಾರ್ಚಿನಲ್ಲಿ ಹೂ ಬಿಟ್ಟಿತು. ಆಗಸ್ಟಿನವರೆಗೆ ಕಾದು ತೋಡಿ ನೋಡಿದಳು. ಇರುವೆ ತಿಂದು ಸಿಪ್ಪೆ ಮಾತ್ರ ಉಳಿದಿತ್ತು. ಅದೇ ವಾರ ಫದ್ಮಾ ತಲೆಯ ಮೇಲೆ ಇನ್ನೊಂದನ್ನು ಕೂರಿಸಿಕೊಂಡು ಬಂದಳು. ಬೂಜೆಮಾ ಅದನ್ನು ನೋಡಿದ, ಕೈ ಚಾಚಲಿಲ್ಲ. "ವಾಪಸ್ ಹೋಗುವಾಗ ಎಲ್ಲಿ ಸಿಕ್ತೋ ಅಲ್ಲೇ ಬಿಡು," ಅಂದ. ತಾಹ್ರಾ ಎದುರಂಗಡಿಗೇ ಹೋದಳು, ಮತ್ತೆ ಬರಲಿಲ್ಲ.

ಗೋಸುಂಬೆಗಳು ಎಂಟು. ಎಣಿಸಿದ ಮೊಟ್ಟೆ ಇಪ್ಪತ್ತಮೂರು. ಮೂರನೆಯದರದು, ಐದನೆಯದರದು, ಆರನೆಯದರದು ಯಾರೂ ಎಣಿಸಿಲ್ಲ.